ಹದ್ದಿನ ಬಾಯಿ ತೆರೆದು ನೋಡೋದು ಹೇಗೆ: ನನ್ನ ಅನುಭವ

ಬೇಸಿಗೆ ಬಂತು ಅಂದ್ರೆ ಬೆಂಗಳೂರಲ್ಲಿ ಬಿಸಿಲಿಗೆ ಸುಸ್ತಾಗಿ ಬಿದ್ದ ಹದ್ದು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ ಕುಯ್ಕೊಂಡ ಹದ್ದು ನಮ್ಮ ರೆಸ್ಕ್ಯೂ ಸೆಂಟರ್‌ಗೆ ಬರ್ತಾನೇ ಇರ್ತವೆ, ತಂದವರು ತುಂಬಾ ಸಲ ಹೇಳೋ ಮೊದಲ ಮಾತು "ದಾರೀಲೇ ಬಾಯಿಗೆ ನೀರು ಬಿಟ್ವಿ ಸಾರ್". ಪಾಪ, ಒಳ್ಳೇ ಮನಸ್ಸಿಂದಾನೇ ಬಿಟ್ಟಿರ್ತಾರೆ. ಆದ್ರೆ ಹದ್ದಿನ ಬಾಯಿ ಒಳಗೆ ಒಂದ್ಸಲ ನೋಡಿದ್ರೆ ಯಾರೂ ಹಾಗೆ ಮಾಡಲ್ಲ.

ನಮಗೆ ಉಸಿರಿನ ದಾರಿ ಗಂಟಲಿನ ಆಳದಲ್ಲಿದೆ, ನುಂಗುವಾಗ ಮುಚ್ಚೋಕೆ ಮೇಲೊಂದು ಮುಚ್ಚಳಾನೂ ಇದೆ. ಹದ್ದಿಗೆ ಆ ಮುಚ್ಚಳಾನೇ ಇಲ್ಲ. ನಾಲಿಗೆಯ ಬುಡದಲ್ಲೇ, ಕೊಕ್ಕು ತೆರೆದ ಕೂಡಲೇ ಕಾಣೋ ಹಾಗೆ ಒಂದು ಸೀಳು, ಗ್ಲಾಟಿಸ್ ಅಂತೀವಿ, ಉಸಿರು ಎಳೆದಾಗ ಬಿಟ್ಟಾಗ ತೆರೆದು ಮುಚ್ಚಿ ಆಡ್ತಾ ಇರುತ್ತೆ. ನುಂಗುವಾಗ ಹಕ್ಕಿ ಅದನ್ನ ತಾನೇ ಬಿಗಿಯಾಗಿ ಮುಚ್ಕೊಳುತ್ತೆ, ಆದ್ರೆ ಅರೆಪ್ರಜ್ಞೆಲಿ ಇರೋ ಹಕ್ಕಿಗೆ ಅದು ಆಗಲ್ಲ, ಬಿಟ್ಟ ನೀರು ನೇರ ಶ್ವಾಸಕೋಶಕ್ಕೇ ಹೋಗುತ್ತೆ.

ಅದಕ್ಕೇ ನಾನು ಮೊದಲು ಮುಟ್ಟೋದೇ ಇಲ್ಲ, ಕತ್ತಲೆ ಡಬ್ಬದಲ್ಲಿ ಬಿಟ್ಟು ದೂರದಿಂದ ಉಸಿರು ನೋಡ್ತೀನಿ. ಬಾಯಿ ತೆರೆದುಕೊಂಡು ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡಿಸ್ತಿದ್ರೆ ಉಸಿರಿಗೆ ಕಷ್ಟ ಆಗ್ತಿದೆ ಅಂತ, ಅಂಥದ್ದನ್ನ ಹಿಡಿಯೋ ಮೊದಲು ಆಕ್ಸಿಜನ್ ಕೊಡ್ತೀವಿ. ಹಿಡಿಯುವಾಗ ಟವೆಲ್ ಸುತ್ತಿ ಒಬ್ರು ಕಾಲು ಹಿಡ್ಕೋಬೇಕು (ಭಯ ಪಡಬೇಕಾದ್ದು ಕೊಕ್ಕಿಗಲ್ಲ, ಉಗುರಿಗೆ), ಎದೆ ಮಾತ್ರ ಒತ್ತಲೇಬಾರದು. ಹಕ್ಕಿಗೆ ನಮ್ಮ ಥರ ವಪೆ (ಎದೆ-ಹೊಟ್ಟೆ ನಡುವೆ ಉಸಿರಾಡಿಸೋ ಸ್ನಾಯು) ಇಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದ್ರೇನೇ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳಿಗೆ ಗಾಳಿ, ಬಿಗಿಯಾಗಿ ಅದುಮಿದ್ರೆ ಕೈಯಲ್ಲೇ ಉಸಿರುಗಟ್ಟುತ್ತೆ.

ಕೊಕ್ಕು ತೆರೆದು ಟಾರ್ಚ್ ಹಿಡಿದ್ರೆ ಮೇಲೆ ಅಂಗುಳದಲ್ಲಿ ಇನ್ನೊಂದು ಸೀಳು ಕಾಣುತ್ತೆ, ಅದು ಮೂಗಿನ ದಾರಿ. ಬಾಯಿ ಮುಚ್ಚಿದಾಗ ಗ್ಲಾಟಿಸ್ ಸರಿಯಾಗಿ ಇದರ ಕೆಳಗೇ ಬಂದು ಕೂರುತ್ತೆ. ಎಷ್ಟು ಚಂದದ ಜೋಡಣೆ ಅಂತ ಪ್ರತಿ ಸಲ ಅನ್ಸುತ್ತೆ. ನಾನು ನೋಡೋದು ಬಣ್ಣ, ಅಂಟು, ವಾಸನೆ, ರಕ್ತ, ಸೀಳಿನಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ ಅಂತ. ಪಾರಿವಾಳ ತಿನ್ನೋ ಹಕ್ಕಿಗಳಲ್ಲಿ ಹಳದಿ ಗಿಣ್ಣಿನ ಥರ ಗಂಟು ಕಂಡ್ರೆ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿಯ ಅನುಮಾನ, ಅದನ್ನ ಕಿತ್ತು ತೆಗೆಯೋಕೆ ಹೋದ್ರೆ ರಕ್ತ ಬರುತ್ತೆ, ಹಾಗೇ ಬಿಟ್ಟು ಸ್ವಾಬ್ ತೆಗೆದು ಡಾಕ್ಟರ್‌ಗೆ ತೋರಿಸ್ತೀನಿ.

ಟ್ಯೂಬಲ್ಲಿ ದ್ರವ ಕೊಡೋದು ಹಕ್ಕಿಗೆ ಪೂರ್ತಿ ಎಚ್ಚರ ಬಂದು ತಲೆ ಎತ್ತಿ ನಿಂತ್ಮೇಲೆ ಮಾತ್ರ, ಅಲ್ಲಿವರೆಗೂ ಡಾಕ್ಟರ್ ಚರ್ಮದ ಕೆಳಗೆ ಕೊಡ್ತಾರೆ. ಮೆತ್ತನೆ ಟ್ಯೂಬನ್ನ ಕೊಕ್ಕಿನಿಂದ ಕುತ್ತಿಗೆ ಬುಡದವರೆಗೆ ಅಳೆದು ಗುರುತು ಮಾಡ್ಕೊಂಡು, ಗ್ಲಾಟಿಸ್ ಕಣ್ಣಿಗೆ ಕಾಣ್ತಾ ಇರೋ ಹಾಗೇನೇ ಅದರ ಹಿಂದಕ್ಕೆ, ಹಕ್ಕಿಯ ಬಲಗಡೆಗೆ ಇಳಿಸ್ತೀನಿ, ಅನ್ನನಾಳ ಕುತ್ತಿಗೆಯ ಬಲಗಡೆ ಇರೋದು. ಆಮೇಲೆ ಬೆರಳಲ್ಲಿ ಕುತ್ತಿಗೆ ಮುಟ್ಟಿದ್ರೆ ಎರಡು ಕೊಳವೆ ಬೇರೆಬೇರೆಯಾಗಿ ಸಿಗಬೇಕು, ಒಂದು ಬಳೆ ಜೋಡಿಸಿದಂಗೆ ಇರೋ ಶ್ವಾಸನಾಳ, ಇನ್ನೊಂದು ನನ್ನ ಟ್ಯೂಬ್. ಎರಡೂ ಸಿಗೋವರೆಗೂ ಸಿರಿಂಜ್ ಒತ್ತಲ್ಲ. ಬಾಯಲ್ಲಿ ನೀರು ಉಕ್ಕಿದ್ರೆ ಅಲ್ಲಿಗೇ ನಿಲ್ಲಿಸಿ ತಲೆ ಬಿಟ್ಟುಬಿಡ್ತೀನಿ, ಅದೇ ಕೊಡವಿಕೊಳ್ಳುತ್ತೆ. ಗೂಬೆಗೆ ಹದ್ದಿನ ಥರ ಕುತ್ತಿಗೆ ಬುಡದಲ್ಲಿ ಮೇವಿನ ಚೀಲ ಇಲ್ಲ, ಹಾಗಾಗಿ ಅದಕ್ಕೆ ಒಂದ್ಸಲಕ್ಕೆ ಕಡಿಮೆ, ಇನ್ನೂ ನಿಧಾನವಾಗಿ.