ಊರಿಗೆ ಬಂದ ಮೊದಲ ವಾರದ ಆಸನಗಳು

ದೆಹಲಿಯ ಮಗಳ ಮನೆಯಿಂದ ಹಿಂತಿರುಗುವುದೆಂದರೆ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಮಳೆಗಾಲದ ವೇಳಾಪಟ್ಟಿ ಬಂದಿತೆಂದರೆ ಕೊಂಕಣ ರೈಲುಮಾರ್ಗದಲ್ಲಿ ಗಾಡಿಗಳ ವೇಗವೂ ಇಳಿಯುತ್ತದೆ. ಕಾಸರಗೋಡಿನಲ್ಲಿ ಇಳಿಯುವ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗಿರುತ್ತದೆ, ಸೊಂಟ ನೆಟ್ಟಗಾಗಲು ತಕರಾರು ಮಾಡುತ್ತದೆ. ಮಗಳ ಮನೆಯಲ್ಲಿ ಮೊಮ್ಮಗು ಏಳುವ ಮೊದಲೇ ಅಭ್ಯಾಸ ಮುಗಿಸಬೇಕೆಂದು ಹೊರಡುವಾಗ ನಿರ್ಧರಿಸುತ್ತೇನೆ. ಮೊಮ್ಮಗು ನನಗಿಂತ ಮೊದಲೇ ಎದ್ದಿರುತ್ತದೆ. ಹಾಗೆ ತಪ್ಪಿದ ಅಭ್ಯಾಸದ ಬಗ್ಗೆ ನನಗೆ ಬೇಸರವೇನೂ ಇಲ್ಲ. ಮತ್ತೆ ಶುರು ಮಾಡುವ ಬಗೆಯೊಂದು ವರ್ಷಗಳಿಂದ ಕೈಗೆ ಹತ್ತಿದೆ.

ಬದಿಯಡ್ಕ ಕಡೆಯ ನಮ್ಮ ಮನೆಯ ಚಾವಡಿಯಲ್ಲಿ ಅತ್ತಿಗೆ ಮತ್ತು ನಾನು ಬೆಳಿಗ್ಗೆ ಜೊತೆಯಾಗಿ ಅಭ್ಯಾಸ ಮಾಡುತ್ತೇವೆ. ಕಲಿತದ್ದು ಮೈಸೂರಿನ ಪಟ್ಟಾಭಿ ಜೋಯಿಸರು (1915–2009) ಹಬ್ಬಿಸಿದ ಅಷ್ಟಾಂಗ ವಿನ್ಯಾಸ ಪದ್ಧತಿ. ಅದರಲ್ಲಿ ಆಸನಗಳ ಸರದಿ ಮೊದಲೇ ಗೊತ್ತುಪಡಿಸಿದ್ದು: 9 ವಿನ್ಯಾಸಗಳ, ಅಂದರೆ ಉಸಿರಿಗೆ ಹೊಂದಿಸಿದ ಚಲನೆಗಳ, ಸೂರ್ಯನಮಸ್ಕಾರ, 17 ವಿನ್ಯಾಸಗಳ ಇನ್ನೊಂದು ಬಗೆ, ನಿಂತು ಮಾಡುವ ಆಸನಗಳು, ಕುಳಿತು ಮಾಡುವವು, ಕೊನೆಗೆ ಸರ್ವಾಂಗಾಸನದಿಂದ ತೊಡಗುವ ಮುಕ್ತಾಯದ ಗುಂಪು. ಸರದಿ ಹಿಂದುಮುಂದು ಮಾಡುವಂತಿಲ್ಲ. ಆದರೆ ದಣಿವಾದರೆ ನಡುವೆ ನಿಲ್ಲಿಸಿ ನೇರವಾಗಿ ಮುಕ್ತಾಯಕ್ಕೆ ಹೋಗಬಹುದು. ನನ್ನ ಉಪಾಯವೆಲ್ಲ ಈ ರಿಯಾಯಿತಿಯಲ್ಲೇ ಇದೆ. ಆರಂಭ, ಮುಕ್ತಾಯ, ಶವಾಸನ ಮೊದಲ ದಿನದಿಂದಲೇ ಇರುತ್ತವೆ. ನಡುವಿನ ಭಾಗವನ್ನು ಮಾತ್ರ ಕತ್ತರಿಸಿ, ದಿನಕ್ಕೆ ಒಂದೆರಡು ಆಸನದಂತೆ ಬೆಳೆಸುತ್ತೇನೆ.

ಬಂದ ದಿನ ಸಂಜೆ ಮಾತ್ರ ಏನೂ ಇಲ್ಲ, ಗೋಡೆಗೆ ಕಾಲೆತ್ತಿ ಮಲಗುವುದಷ್ಟೆ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತಾಗ ಮೀನಖಂಡಕ್ಕೆ ಕೆಲಸವಿಲ್ಲ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಲು ಅದರ ಚಲನೆ ಬೇಕು, ಇಲ್ಲದಿದ್ದರೆ ನೀರು ಪಾದದಲ್ಲಿ ನಿಲ್ಲುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ಹೋಗಬೇಕಾದದ್ದು ಗೋಡೆಯ ಬಳಿಗಲ್ಲ, ವೈದ್ಯರ ಬಳಿಗೆ.

ಮರುದಿನ ಬೆಳಿಗ್ಗೆ ಸೂರ್ಯನಮಸ್ಕಾರಕ್ಕೂ ಮೊದಲು ಅಂಗಾತ ಮಲಗಿ, ಬೈರಾಸನ್ನು (ಟವೆಲನ್ನು) ಪಾದಕ್ಕೆ ಹಾಕಿ ಒಂದೊಂದೇ ಕಾಲನ್ನು ಮೇಲಕ್ಕೆಳೆದು ಹಿಡಿಯುತ್ತೇನೆ. ಬಳಿಕ ಒಂದು ಮೊಣಕಾಲು ನೆಲಕ್ಕೂರಿ ಆಂಜನೇಯಾಸನ. ಕುಳಿತು ಕುಳಿತು ಬಿಗಿದುಕೊಂಡ ತೊಡೆಯ ಮುಂಭಾಗ ಸಡಿಲಾಗುವುದು ಅದರಲ್ಲೇ. ಸರದಿಯಲ್ಲಿ ಇಲ್ಲದ್ದನ್ನು ಸೇರಿಸುವುದು ನಮ್ಮ ಗುರುಗಳಿಗೆ ಒಪ್ಪಿಗೆಯಿಲ್ಲ. ಅವರು ಎರಡು ರಾತ್ರಿ ನಡುವಿನ ಬರ್ತ್‌ನಲ್ಲಿ ಮಲಗಿ ಬಂದವರಲ್ಲ.

ಆಮೇಲೆ ಮೊದಲ ಬಗೆಯ ಸೂರ್ಯನಮಸ್ಕಾರ ಮೂರು, ನಿಂತು ಮಾಡುವ ಎರಡು ಆಸನ, ಮುಕ್ತಾಯ. ನನಗೆ ಅಳತೆ ಉಸಿರೇ. ಮೂಗಿನಲ್ಲಿ ಸಮನಾಗಿ ಹರಿಯುತ್ತಿರುವ ತನಕ ಮುಂದುವರಿಯುತ್ತೇನೆ, ಬಾಯಿ ತೆರೆದುಕೊಂಡರೆ ಅಲ್ಲಿಗೆ ನಿಲ್ಲಿಸುತ್ತೇನೆ. ಮೈಯ ಮಾತನ್ನು ಆ ದಿನ ನಂಬುವುದಿಲ್ಲ. ಬಹಳ ದಿನಗಳ ಮೇಲೆ ಬಿಡುಗಡೆ ಸಿಕ್ಕಿದ ಮೈ ಇನ್ನೂ ಬೇಕು, ಇನ್ನೂ ಬೇಕು ಎನ್ನುತ್ತದೆ. ಬಿಟ್ಟು ಹಿಡಿದ ಕೆಲಸದ ಸ್ನಾಯುನೋವು ಕೂಡಲೇ ಕಾಣಿಸಿಕೊಳ್ಳುವುದಿಲ್ಲ, 24ರಿಂದ 72 ಗಂಟೆಗಳ ನಡುವೆ ಜೋರಾಗುತ್ತದೆ. ಮೊದಲ ದಿನ ಉದ್ರಿ ತಂದದ್ದಕ್ಕೆ ಮೂರನೆಯ ದಿನ ಲೆಕ್ಕ ಚುಕ್ತಾ ಮಾಡಬೇಕು. ಮೊಣಕೈ ಮಡಿಸಿ ಮೈಯನ್ನು ನೆಲದ ಸಮೀಪಕ್ಕೆ ಇಳಿಸುವ ಚತುರಂಗ ದಂಡಾಸನವಂತೂ ತೋಳು, ಎದೆ ಎರಡನ್ನೂ ಹಿಡಿದುಬಿಡುತ್ತದೆ, ಹಾಗಾಗಿ ಆ ವಾರ ಮೊಣಕಾಲೂರಿಯೇ ಇಳಿಯುತ್ತೇನೆ. ಮತ್ತೆ ಶುರು ಮಾಡಿದವರು ಬಿಟ್ಟುಬಿಡುವುದು ಆ ಮೂರನೆಯ ಬೆಳಿಗ್ಗೆಯೇ ಎಂಬುದು ನಾನು ಕಂಡದ್ದು. ಅತ್ತಿಗೆಯ ಕಣ್ಣು ನನ್ನ ಮೇಲಿರುತ್ತದೆ: “ಸಾಕು, ಮಲಗು ಇನ್ನು. ನಾಳೆಗೂ ಸ್ವಲ್ಪ ಇರಲಿ.”

ಈ ಸಲ ಮೂರನೆಯ ದಿನವೇ ಆಟಿ ಅಮಾವಾಸ್ಯೆ, ತುಳುವರ ಆಟಿ ತಿಂಗಳಿನದು. ನಮ್ಮ ಪದ್ಧತಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಅಭ್ಯಾಸಕ್ಕೆ ರಜೆ. ನೋವಿನ ದಿನಕ್ಕೇ ರಜೆ ಸಿಕ್ಕಿತು. ಅದಕ್ಕೆ ಪ್ರತಿಯಾಗಿ ಆ ದಿನದ ರೂಢಿಯಂತೆ ಬರಿಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ಮೇಲೆ ಮೆಂತ್ಯ ಗಂಜಿ ಉಣ್ಣಬೇಕಾಯಿತು. ಆ ಕಹಿಗಿಂತ ತೋಳಿನ ನೋವೇ ವಾಸಿ.

ಇಲ್ಲಿಯ ಮಳೆಗಾಲಕ್ಕೆ ತನ್ನದೇ ಕಿರಿಕಿರಿಗಳಿವೆ. ಚಾವಡಿಯ ನೆಲ ಬೆವರುತ್ತದೆ, ರಬ್ಬರಿನ ಚಾಪೆ ಜಾರುತ್ತದೆ. ಮೇಲೊಂದು ಹತ್ತಿಯ ಜಮಖಾನ ಹಾಸಿದರೆ ಕೈ ಊರಲು ಧೈರ್ಯ. ಮಳೆ ಬಿಟ್ಟ ದಿನ ಅಡಿಕೆಗೆ ಮದ್ದು ಬಿಡುವವರು ಬರುತ್ತಾರೆ, ಅವರ ಚಾ–ತಿಂಡಿಗೆ ಅಡುಗೆಮನೆ ಬೇಗ ಏಳಬೇಕು. ಅಂಥ ದಿನ ನಡುವಿನ ಭಾಗಕ್ಕೆ ಪೂರ್ತಿ ಕತ್ತರಿ. ಶವಾಸನಕ್ಕೆ ಮಾತ್ರ ಕತ್ತರಿ ಹಾಕುವುದಿಲ್ಲ, ತಿಂಡಿ ಐದು ನಿಮಿಷ ತಡವಾದರೆ ಆಗಲಿ.

ರಾತ್ರಿಗೆ ಕುಚ್ಚಿಲಕ್ಕಿ ಗಂಜಿ, ಒಂದೆಲಗದ ತಂಬುಳಿ. ಪಯಣದಲ್ಲಿ ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ಹೊಟ್ಟೆ ಕಟ್ಟಿರುತ್ತದೆ. ಅದು ಸರಿಹೋಗುವವರೆಗೆ ಮರೀಚ್ಯಾಸನದಂಥ ತಿರುಚುವ ಆಸನಗಳಿಗೆ ಕೈಹಾಕುವುದಿಲ್ಲ.

ಎಲ್ಲಕ್ಕಿಂತ ಕೊನೆಗೆ ಮರಳುವುದು ಶೀರ್ಷಾಸನ. ರೈಲಿನ ದಿಂಬಿಗೆ ವಾಲಿದ ಕುತ್ತಿಗೆ ಎರಡೂ ಕಡೆಗೆ ಸರಾಗವಾಗಿ ತಿರುಗಬೇಕು, ಆಮೇಲೆಯೇ ಆ ಯೋಚನೆ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಕಣ್ಣಿನ ಗ್ಲಾಕೋಮಾ ಇರುವವರು ಅದರ ಗೊಡವೆಗೇ ಹೋಗಬಾರದು. ನನ್ನದು ಈ ಸಲ ಇನ್ನೂ ಗೋಡೆಯ ಆಸರೆಯಲ್ಲೇ ನಡೆಯುತ್ತಿದೆ.