ಸಿಪ್ಯಾನೆಲ್‌ನಲ್ಲಿ ಜಾಲತಾಣ ನಿರ್ವಹಣೆ: ಕೀಲಿ ಮಾಲೀಕರ ಕೈಯಲ್ಲೇ ಇರಲಿ

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಿಂದ ಹಿಡಿದು ತಿಪಟೂರಿನ ಕೊಬ್ಬರಿ ಮಂಡಿಗಳವರೆಗೆ ಈಗ ಹಲವರಿಗೆ ಸ್ವಂತ ಜಾಲತಾಣವಿದೆ. ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ವಿಚಾರಿಸಿದರೆ, 'ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ಎಲ್ಲ ಅವನ ಹತ್ತಿರಾನೇ ಇದೆ' ಎಂಬ ಉತ್ತರವನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ತಾಣವನ್ನು ತಾವೇ ನೋಡಿಕೊಳ್ಳಬೇಕೆಂದು ಹೊರಟ ಅಂಥ ಮಾಲೀಕರಿಗಾಗಿ, ಅಥವಾ ಅವರ ಪರವಾಗಿ ಕುಳಿತು ಕೆಲಸ ಮಾಡುವ ಮಕ್ಕಳು ಮೊಮ್ಮಕ್ಕಳಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಡೊಮೈನ್ ಎಂದರೆ ನಿಮ್ಮ ಹೆಸರಿನ ನೋಂದಣಿ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಹೋಸ್ಟಿಂಗ್ ಎಂದರೆ ಕಡತಗಳನ್ನು ಇಡಲು ಸರ್ವರ್‌ನಲ್ಲಿ ಪಡೆದ ಬಾಡಿಗೆ ಜಾಗ. ಆ ಜಾಗವನ್ನು ಬ್ರೌಸರ್‌ನಿಂದಲೇ ನಿರ್ವಹಿಸಲು ಕೊಟ್ಟಿರುವ ಫಲಕವೇ ಕಂಟ್ರೋಲ್ ಪ್ಯಾನೆಲ್. ಇವುಗಳಲ್ಲಿ 1996ರಲ್ಲಿ ಬಂದ ಸಿಪ್ಯಾನೆಲ್ ಬಹಳ ಬಳಕೆಯಲ್ಲಿರುವುದರಿಂದ ಇಲ್ಲಿ ಅದರ ಬಗ್ಗೆಯೇ ಹೇಳುತ್ತೇನೆ. ಡೊಮೈನ್ ಒಂದು ಕಂಪನಿಯಲ್ಲಿ, ಹೋಸ್ಟಿಂಗ್ ಇನ್ನೊಂದರಲ್ಲಿ ಇರಬಹುದು. ಎರಡರ ಖಾತೆಗಳೂ ಮಾಲೀಕರ ಹೆಸರಿನಲ್ಲಿ, ಮಾಲೀಕರ ಮೊಬೈಲ್ ಮತ್ತು ಇಮೇಲ್‌ನೊಂದಿಗೆ ಇರುವುದು ಅತ್ಯಗತ್ಯ.

ನಿಮ್ಮ ಡೊಮೈನ್ ವಿಳಾಸದ ಕೊನೆಯಲ್ಲಿ ವಿವರಣ ಚಿಹ್ನೆ (:) ಹಾಕಿ 2083 ಎಂದು ಬರೆದರೆ ಸಾಮಾನ್ಯವಾಗಿ ಸಿಪ್ಯಾನೆಲ್‌ನ ಸುರಕ್ಷಿತ ಲಾಗಿನ್ ಪುಟ ತೆರೆಯುತ್ತದೆ. ಒಳಹೋದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, 'ಕಾಂಟ್ಯಾಕ್ಟ್ ಇನ್ಫರ್ಮೇಶನ್' ಪುಟದಲ್ಲಿ ನಿಮ್ಮ ಇಮೇಲ್ ನಮೂದಿಸಿ. ಜಾಗ ತುಂಬುತ್ತಿದೆ, ಪಾಸ್‌ವರ್ಡ್ ಬದಲಾಗಿದೆ ಎಂಬಂಥ ಎಚ್ಚರಿಕೆಗಳು ಈ ವಿಳಾಸಕ್ಕೇ ಬರುವುದರಿಂದ, ಇಲ್ಲಿ ಹಳೆಯ ಹುಡುಗನ ಇಮೇಲ್ ಉಳಿದುಬಿಟ್ಟರೆ ನಿಮಗೆ ಯಾವ ಸುದ್ದಿಯೂ ತಲುಪುವುದಿಲ್ಲ.

ಬೇರೆ ಯಾವುದನ್ನೂ ಮುಟ್ಟುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. 'ಫುಲ್ ಬ್ಯಾಕಪ್' ಎಂಬ ಹೆಸರು ನೋಡಿ ಅದೊಂದೇ ಸಾಕೆಂದು ಭಾವಿಸಬೇಡಿ. ಸಿಪ್ಯಾನೆಲ್‌ನ ಆ ಬ್ಯಾಕಪ್ಪನ್ನು ನೀವಾಗಿಯೇ ಮರಳಿ ಏರಿಸಲು ಬರುವುದಿಲ್ಲ, ಹೋಸ್ಟಿಂಗ್ ಕಂಪನಿಯವರೇ ಏರಿಸಿಕೊಡಬೇಕು. ಹೋಮ್ ಡೈರೆಕ್ಟರಿ (ನಿಮ್ಮ ಕಡತಗಳಿರುವ ಫೋಲ್ಡರ್) ಮತ್ತು ಡೇಟಾಬೇಸ್‌ಗಳ (ತಾಣದ ಬರಹ, ದರಪಟ್ಟಿಯಂಥ ಮಾಹಿತಿಯ ಕೋಷ್ಟಕಗಳು) ಬ್ಯಾಕಪ್‌ಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಂಡರೆ ಅವನ್ನು ನಿಮ್ಮ ಫಲಕದಿಂದಲೇ ಮರಳಿ ಹಾಕಬಹುದು. ಎರಡನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದೇ ಸರ್ವರ್‌ನಲ್ಲಿ ಬಿಟ್ಟ ಬ್ಯಾಕಪ್ ನಿಮ್ಮ ಜಾಗವನ್ನೂ ತಿನ್ನುತ್ತದೆ, ಸರ್ವರ್ ಕೆಟ್ಟ ದಿನ ತಾಣದ ಜೊತೆಯಲ್ಲೇ ಹೋಗುತ್ತದೆ.

ಈ ಮಾತಿಗೆ ನನ್ನದೇ ಅನುಭವವಿದೆ. ತಿಪಟೂರಿನ ಒಬ್ಬ ಕೊಬ್ಬರಿ ವರ್ತಕರ ತಾಣವನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದೆ. ಚಿತ್ರಗಳು ಬಂದವು, ವಿನ್ಯಾಸ ಬಂತು. ದರಪಟ್ಟಿಯಲ್ಲಿ 'ಉಂಡೆ ಕೊಬ್ಬರಿ' ಎಂದಿರಬೇಕಾದ ಕಡೆ ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಂತಿತ್ತು. ಎಣಿಸಿದರೆ 'ಉಂಡೆ' ಇದ್ದಲ್ಲಿ ನಾಲ್ಕು, 'ಕೊಬ್ಬರಿ' ಇದ್ದಲ್ಲಿ ಏಳು. ಸ್ವರ, ಅನುಸ್ವಾರ, ವ್ಯಂಜನ, ಒತ್ತಿನ ವಿರಾಮ, ಗುಣಿತದ ಚಿಹ್ನೆ ಒಂದೊಂದಕ್ಕೂ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತವಿದ್ದು, ಪ್ರತಿ ಸಂಕೇತವೂ ಒಂದೊಂದು ಪ್ರಶ್ನೆಯಾಗಿ ಕುಳಿತಿತ್ತು. 'ಅಕ್ಷರಾನೇ ಕಾಣಿಸ್ತಿಲ್ವಲ್ಲ ಸ್ವಾಮಿ' ಎಂದು ಅವರು ಫೋನ್ ಮಾಡಿದಾಗ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ.

ಕಾರಣ ಸರಳವಾಗಿತ್ತು. ಹೊಸ ಡೇಟಾಬೇಸ್‌ನ ಕೋಷ್ಟಕಗಳು ಲ್ಯಾಟಿನ್1 ಎಂಬ ಹಳೆಯ ಅಕ್ಷರಗಣದಲ್ಲಿ ಸಿದ್ಧವಾಗಿದ್ದವು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗೆ ಪ್ರಶ್ನೆಯಾಗಿ ಒಮ್ಮೆ ಉಳಿದ ಅಕ್ಷರವನ್ನು ಯಾವ ಉಪಾಯದಿಂದಲೂ ಹಿಂದಕ್ಕೆ ತರಲಾಗದು, ಏಕೆಂದರೆ ಮೂಲ ಸಂಕೇತವೇ ಅಳಿದುಹೋಗಿರುತ್ತದೆ. ಹಳೆಯ ಡೇಟಾಬೇಸ್‌ನ ಪ್ರತಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದರಿಂದ ಕೆಲಸ ಉಳಿಯಿತು. ಆದ್ದರಿಂದ ಕನ್ನಡದ ತಾಣವನ್ನು ಸಾಗಿಸುವವರು ಸಿಪ್ಯಾನೆಲ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳಲು ಇರುವ ಪಿಎಚ್‌ಪಿಮೈಅಡ್ಮಿನ್ ತೆರೆದು, ಡೇಟಾಬೇಸ್‌ನ 'ಆಪರೇಶನ್ಸ್' ಪುಟದಲ್ಲಿ ಕೊಲೇಶನ್ (ಅಕ್ಷರಗಣ ಮತ್ತು ಅಕ್ಷರಗಳ ಕ್ರಮದ ಆಯ್ಕೆ) ಕನ್ನಡಕ್ಕೂ ಜಾಗವಿರುವ ಯುಟಿಎಫ್8ಎಂಬಿ4 ವರ್ಗದ್ದೇ ಎಂದು ಖಚಿತಪಡಿಸಿಕೊಂಡು, ಕೋಷ್ಟಕಗಳಲ್ಲೂ ಅದೇ ಇದೆಯೇ ಎಂದು ನೋಡಿ, ಇಂಪೋರ್ಟ್ ಮಾಡುವಾಗ ಕಡತದ ಅಕ್ಷರಗಣ ಯುಟಿಎಫ್-8 ಎಂದಿರುವುದನ್ನು ಗಮನಿಸಿ ಮುಂದುವರಿಯಬೇಕು. ಮುಗಿದ ಮೇಲೆ ಒಂದು ಕನ್ನಡ ಪುಟವನ್ನು ಪೂರ್ತಿ ಓದಿ ನೋಡಿ. ಮುಖಪುಟ ತೆರೆದುಕೊಂಡಿತೆಂಬುದಷ್ಟೇ ಸಾಲದು.

ಕಡತಗಳ ವಿಷಯಕ್ಕೆ ಬಂದರೆ, 'ಫೈಲ್ ಮ್ಯಾನೇಜರ್' ಒಳಗಿನ ಪಬ್ಲಿಕ್ ಎಚ್‌ಟಿಎಂಎಲ್ (public_html) ಎಂಬ ಫೋಲ್ಡರ್‌ನಲ್ಲಿ ಇಟ್ಟದ್ದೆಲ್ಲ ಜಗತ್ತಿಗೆ ಕಾಣುತ್ತದೆ. ನೂರಾರು ಕಡತಗಳನ್ನು ಒಂದೊಂದಾಗಿ ಏರಿಸುವ ಬದಲು ಒಂದೇ ಜಿಪ್ ಮಾಡಿ ಏರಿಸಿ, ಅಲ್ಲೇ ಬಿಚ್ಚಿ, ಬಳಿಕ ಆ ಜಿಪ್ಪನ್ನು ಅಳಿಸಿಬಿಡಿ. ಮರೆತರೆ ಹೆಸರು ಊಹಿಸಿದ ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು. ಯಾರು ಓದಬಹುದು, ಯಾರು ಬದಲಿಸಬಹುದು ಎಂಬುದನ್ನು ಸಂಖ್ಯೆಯಲ್ಲಿ ಹೇಳುವ ಅನುಮತಿಗಳು (ಪರ್ಮಿಶನ್ಸ್) ಫೋಲ್ಡರ್‌ಗಳಿಗೆ 755, ಕಡತಗಳಿಗೆ 644 ಇರಲಿ. ಏನೋ ಕೆಲಸ ಮಾಡುತ್ತಿಲ್ಲವೆಂದು, ಎಲ್ಲರಿಗೂ ಬದಲಿಸಲು ಬಿಡುವ 777 ಕೊಡುವ ಅಭ್ಯಾಸ ಅಪಾಯಕಾರಿ, ಅದನ್ನು ಯಾರು ಹೇಳಿದರೂ ಒಪ್ಪಬೇಡಿ. ಮೊಬೈಲ್‌ನಲ್ಲಿ ತೆಗೆದ ದೊಡ್ಡ ಚಿತ್ರಗಳನ್ನು ಕಿರಿದು ಮಾಡಿಯೇ ಹಾಕಿ.

ಇಮೇಲ್‌ನಲ್ಲಿ ಸಾಮಾನ್ಯವಾಗಿ ಎಡವುವುದು ಒಂದು ಕಡೆ. ತಾಣ ಸಿಪ್ಯಾನೆಲ್‌ನಲ್ಲಿದ್ದು ಇಮೇಲ್ ಗೂಗಲ್‌ನಂಥ ಬೇರೆ ಸೇವೆಯಲ್ಲಿದ್ದರೆ, 'ಇಮೇಲ್ ರೂಟಿಂಗ್' ಪುಟದಲ್ಲಿ 'ರಿಮೋಟ್' ಎಂಬುದನ್ನು ಆರಿಸಬೇಕು. ಇಲ್ಲವಾದರೆ ತಾಣದ ಸಂಪರ್ಕ ಫಾರಂನಲ್ಲಿ ಗ್ರಾಹಕರು ಬರೆದ ಪತ್ರಗಳು ಅದೇ ಸರ್ವರ್‌ನೊಳಗೆ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತವೆ, ಅಥವಾ ಪೆಟ್ಟಿಗೆಯೇ ಇಲ್ಲವೆಂದು ಹಿಂದಿರುಗುತ್ತವೆ. ಇಮೇಲ್ ಇದೇ ಸರ್ವರ್‌ನಲ್ಲಿದ್ದರೆ 'ಇಮೇಲ್ ಡೆಲಿವರೆಬಿಲಿಟಿ' ಪುಟದಲ್ಲಿ ಪತ್ರ ನಿಜವಾಗಿ ನಿಮ್ಮ ಡೊಮೈನ್‌ನಿಂದಲೇ ಬಂದಿದೆ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳು ಸರಿಯಿವೆಯೇ ಎಂದು ನೋಡಿ. ಅವಿಲ್ಲದ ಪತ್ರಗಳು ಸ್ಪ್ಯಾಮ್‌ಗೆ ಸೇರುವುದು ಹೆಚ್ಚು.

ತಾಣದ ಸಂಪರ್ಕವನ್ನು ಸುರಕ್ಷಿತವಾಗಿಡಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಹಲವು ಹೋಸ್ಟಿಂಗ್‌ಗಳಲ್ಲಿ 'ಆಟೋಎಸ್‌ಎಸ್‌ಎಲ್' ತಾನೇ ನವೀಕರಿಸುತ್ತದೆ. ಡೊಮೈನ್ ಬೇರೆ ಸರ್ವರ್ ಕಡೆಗೆ ತೋರಿಸುತ್ತಿದ್ದರೆ ನವೀಕರಣ ವಿಫಲವಾಗುತ್ತದೆ, ಅಷ್ಟನ್ನು ನೆನಪಿಡಿ. ಹಲವು ತಾಣಗಳನ್ನು ನಡೆಸುವ ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯ 7.4 ಆವೃತ್ತಿಗೆ ಸುರಕ್ಷತಾ ತಿದ್ದುಪಡಿಗಳು 2022ರ ನವೆಂಬರ್‌ಗೇ ನಿಂತಿವೆ. ಇನ್ನೂ ಅದರಲ್ಲೇ ಇರುವವರು ಬ್ಯಾಕಪ್ ತೆಗೆದು, 'ಮಲ್ಟಿಪಿಎಚ್‌ಪಿ ಮ್ಯಾನೇಜರ್'ನಲ್ಲಿ ಹೊಸ ಆವೃತ್ತಿ ಆರಿಸಿ, ಎಲ್ಲ ಪುಟಗಳನ್ನೂ ಪರೀಕ್ಷಿಸಬೇಕು. ಖಾಲಿ ಬಿಳಿ ಪುಟ ಬಂದರೆ ಹೆದರದೆ ಹಳೆಯ ಆವೃತ್ತಿಗೆ ಮರಳಿ, ಫೈಲ್ ಮ್ಯಾನೇಜರ್‌ನಲ್ಲಿ ಎರರ್ ಲಾಗ್ ಕಡತವನ್ನು ತೆರೆದು ಕೊನೆಯ ಸಾಲುಗಳನ್ನು ಓದಿ. ಯಾವ ಪ್ಲಗಿನ್ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ತಕರಾರು ಮಾಡಿತೆಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಸರ್ವರ್ ಬದಲಿಸುವವರು, ಡೊಮೈನ್ ಯಾವ ಸರ್ವರ್ ಕಡೆಗೆ ತೋರಿಸಬೇಕೆಂಬ ದಾಖಲೆಗಳಿರುವ 'ಜೋನ್ ಎಡಿಟರ್'ನಲ್ಲಿ ಟಿಟಿಎಲ್ ಎಂಬ ಅವಧಿಯನ್ನು, ಅಂದರೆ ಆ ವಿಳಾಸವನ್ನು ಇತರರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬುದನ್ನು, ನೋಡಬೇಕು. ಅದು ಸಾಮಾನ್ಯವಾಗಿ 14400 ಸೆಕೆಂಡು, ಅಂದರೆ ನಾಲ್ಕು ಗಂಟೆ ಇರುತ್ತದೆ. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿದರೆ ಹೊಸ ವಿಳಾಸ ಬೇಗ ಹರಡುತ್ತದೆ. ಹಳೆಯ ಹೋಸ್ಟಿಂಗನ್ನು ಅದೇ ದಿನ ರದ್ದು ಮಾಡದೆ ಕನಿಷ್ಠ ಒಂದು ವಾರ ಉಳಿಸಿಕೊಳ್ಳಿ. ಆ ವಾರದಲ್ಲಿ ಹಳೆಯ ಕಡೆಯ ಅಂಚೆಪೆಟ್ಟಿಗೆಗಳನ್ನೂ ಒಮ್ಮೆ ತೆರೆದು, ತಡವಾಗಿ ಬಂದ ಪತ್ರಗಳಿದ್ದರೆ ಇಳಿಸಿಕೊಂಡ ನಂತರವೇ ಖಾತೆ ಮುಚ್ಚಿ.