ಸಾಫ್ಟ್‌ವೇರ್ ಸಂಶೋಧನಾ ಪೇಪರ್ ಓದುವುದು: ತೀರ್ಮಾನಕ್ಕಿಂತ ಮೊದಲು ಎಣಿಕೆ

"ಈ ಭಾಷೆಯಲ್ಲಿ ಬರೆದರೆ ಬಗ್ ಕಡಿಮೆ", "ಎಐ ಬಳಸಿದರೆ ಕೆಲಸ ಬೇಗ" ಎಂಬ ಮಾತುಗಳ ಹಿಂದೆ ಸಾಮಾನ್ಯವಾಗಿ ಯಾವುದೋ ಪೇಪರ್ ಇರುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಬೇಕಿಲ್ಲ. ಸಾರಾಂಶ ಓದಿ, ಮುಖ್ಯ ವಾದವನ್ನು ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯವಾಗಿ ಬರೆದುಕೊಳ್ಳಿ. ಅದರಲ್ಲಿ "ಭಾಷೆ", "ಬಗ್" ಎಂದಿದ್ದರೆ ಎರಡಕ್ಕೂ ಗೆರೆ ಎಳೆದು, ನೇರವಾಗಿ ಡೇಟಾ ಸಂಗ್ರಹಿಸಿದ ಭಾಗಕ್ಕೆ ಹೋಗಿ. ಇವನ್ನು ಎಣಿಸಿದ್ದು ಹೇಗೆ? ಪೇಪರ್ ಎಡವುವುದಿದ್ದರೆ ಹೆಚ್ಚಾಗಿ ಇಲ್ಲೇ.

ಇದನ್ನು ಕಲಿಯಲು ಭಾಷೆಗೂ ಬಗ್‌ಗೂ ಸಂಬಂಧವಿದೆಯೇ ಎಂದು ಗಿಟ್‌ಹಬ್‌ನ ಕೋಡ್ ನೋಡಿದ, 2014ರ ಎಫ್ಎಸ್ಇ (ಸಾಫ್ಟ್‌ವೇರ್ ಎಂಜಿನಿಯರಿಂಗ್) ಸಮ್ಮೇಳನದ ಅಧ್ಯಯನಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 729 ಪ್ರಾಜೆಕ್ಟ್, 17 ಭಾಷೆ, ಸುಮಾರು 15 ಲಕ್ಷ ಕಮಿಟ್ (ಕೋಡ್‌ನಲ್ಲಿ ಮಾಡಿ ದಾಖಲಿಸಿದ ಬದಲಾವಣೆ). ಬೇರೊಂದು ತಂಡ ಅದೇ ಡೇಟಾವನ್ನು ಕೆದಕಿ 2019ರಲ್ಲಿ ಟೋಪ್ಲಾಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಭಾಷೆಯನ್ನು ಫೈಲ್ ಹೆಸರಿನ ಬಾಲ ನೋಡಿ ಗುರುತಿಸಲಾಗಿತ್ತು. ಟೈಪ್‌ಸ್ಕ್ರಿಪ್ಟ್‌ನ ಮುಖ್ಯ ಪ್ರಾಜೆಕ್ಟ್‌ಗಳ ಸಾಲಿನಲ್ಲಿ ಬಿಟ್‌ಕಾಯಿನ್, ಲೈಟ್‌ಕಾಯಿನ್ ಬಂದು ಕೂತಿದ್ದವು. ಅಲ್ಲಿದ್ದ "ಟಿಎಸ್" ಫೈಲುಗಳು ಕೋಡ್ ಅಲ್ಲ. ಕ್ಯೂಟಿ ಎಂಬ ಸಾಫ್ಟ್‌ವೇರ್ ಚೌಕಟ್ಟಿನ ಅನುವಾದ ಫೈಲುಗಳು. ಬಗ್ ಸರಿಪಡಿಸಿದ ಕಮಿಟ್ ಯಾವುದೆಂದು ತಿಳಿಯಲು ಸಂದೇಶದಲ್ಲಿ "ಫಿಕ್ಸ್", "ಎರರ್", "ಬಗ್"ನಂಥ ಪದ ಹುಡುಕಲಾಗಿತ್ತು. "ಇನ್‌ಫಿಕ್ಸ್", "ಪೋಸ್ಟ್‌ಫಿಕ್ಸ್" ಎಂದು ಬರೆದಿದ್ದರೂ ಬಗ್ ಲೆಕ್ಕಕ್ಕೆ! ಡೆವಲಪರ್‌ಗಳಿಂದ ಕಮಿಟ್‌ಗಳನ್ನು ಓದಿಸಿ ನೋಡಿದಾಗ, ಬಗ್ ಎಂದು ಗುರುತಾಗಿದ್ದರಲ್ಲಿ ಶೇ 36ರಷ್ಟು ಬಗ್‌ಗೆ ಸಂಬಂಧಿಸಿದ್ದೇ ಅಲ್ಲ.

ಈ ಪರೀಕ್ಷೆಯನ್ನು ನೀವೂ ಮಾಡಬಹುದು. ಪೇಪರ್ ಜೊತೆ ಡೇಟಾ ಕೊಟ್ಟಿದ್ದರೆ, ಮೇಲಿನ 50 ಸಾಲನ್ನಲ್ಲ, ಯಾದೃಚ್ಛಿಕವಾಗಿ 50 ಸಾಲು ಆರಿಸಿ. ಲೇಖಕರು ಹಾಕಿದ ಗುರುತನ್ನು (ಬಗ್ ಹೌದೇ, ಅಲ್ಲವೇ) ಮರೆಮಾಡಿ, ನೀವು ಮತ್ತು ಸಹೋದ್ಯೋಗಿ ಬೇರೆ ಬೇರೆಯಾಗಿ ತೀರ್ಪು ಬರೆಯಿರಿ. ನಿಮ್ಮಿಬ್ಬರಿಗೇ ಪದೇ ಪದೇ ಹೊಂದಿಕೆಯಾಗದಿದ್ದರೆ ವ್ಯಾಖ್ಯೆಯೇ ಸಡಿಲ ಎಂದರ್ಥ. 50ರಲ್ಲಿ 15 ತಪ್ಪಿದ್ದರೆ ತಪ್ಪಿನ ಪ್ರಮಾಣ ಶೇ 30. ಸ್ಯಾಂಪಲ್ ಚಿಕ್ಕದಾದ್ದರಿಂದ ಸುಮಾರು 13 ಶೇಕಡಾ ಅಂಶ ಆಚೀಚೆ ಆಗಬಹುದು. ಮುಂದಿನ ಪ್ರಶ್ನೆ ಇನ್ನೂ ಮುಖ್ಯ: ತಪ್ಪು ಎಲ್ಲ ಭಾಷೆಗಳಲ್ಲೂ ಒಂದೇ ಪ್ರಮಾಣದಲ್ಲಿದೆಯೇ? ಸಮನಾಗಿದ್ದರೆ ನಿಜವಾದ ವ್ಯತ್ಯಾಸ ಸಾಮಾನ್ಯವಾಗಿ ಮಸುಕಾಗುತ್ತದೆ. ಒಂದೇ ಕಡೆ ವಾಲಿದ್ದರೆ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಆಮೇಲಷ್ಟೇ ಕೋಷ್ಟಕಗಳು. ಪಿ-ವ್ಯಾಲ್ಯೂ (ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) ಕಡಿಮೆ ಎಂದು ಸೂಚಿಸುವ ನಕ್ಷತ್ರಗಳಿಗೆ ಮರುಳಾಗಬೇಡಿ. ಲಕ್ಷಗಟ್ಟಲೆ ಕಮಿಟ್ ಇದ್ದರೆ ಅತಿ ಸಣ್ಣ ವ್ಯತ್ಯಾಸಕ್ಕೂ ನಕ್ಷತ್ರ ಬೀಳುತ್ತದೆ. ಪರಿಣಾಮ ಎಷ್ಟು ದೊಡ್ಡದು ಎಂದು ನೋಡಿ. ಗಿಟ್‌ಹಬ್ ಅಧ್ಯಯನದಲ್ಲಿ ಬಗ್‌ಗಳ ಏರಿಳಿತಕ್ಕೆ ಭಾಷೆಯ ಪಾಲು ಶೇ 1ಕ್ಕೂ ಕಡಿಮೆ ಎಂದು ಮೂಲ ಲೇಖಕರೇ ಪ್ರಾಮಾಣಿಕವಾಗಿ ಬರೆದಿದ್ದರು. ಜನ ಹಂಚಿಕೊಂಡದ್ದು ಭಾಷೆಗಳ ಪಟ್ಟಿಯನ್ನು. 2019ರ ಮರುಪರಿಶೀಲನೆಯಲ್ಲಿ, ಮೂಲದಲ್ಲಿ ಬಗ್‌ ಜೊತೆ ಸಂಬಂಧ ಕಂಡಿದ್ದ 11 ಭಾಷೆಗಳ ಪೈಕಿ 4ಕ್ಕೆ ಮಾತ್ರ ಸಂಬಂಧ ಉಳಿಯಿತು, ಅದೂ ತೀರಾ ಸಣ್ಣದು.

ಪ್ರಯೋಗದ ಪೇಪರ್ ಆದರೆ ಅಂಚಿನಲ್ಲಿ ಬರೆದುಕೊಳ್ಳಿ: ಯಾರು, ಯಾವ ಕೆಲಸ, ಯಾರ ಕೋಡ್. 2023ರ ಕೋಪೈಲಟ್ (ಕೋಡ್ ಸೂಚಿಸುವ ಎಐ ಉಪಕರಣ) ಪ್ರಯೋಗದಲ್ಲಿ 95 ಮಂದಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ ಬರೆಯುವ ಕೆಲಸ ಕೊಡಲಾಗಿತ್ತು. ಕೋಪೈಲಟ್ ಬಳಸಿದವರಿಗೆ ಶೇ 55.8ರಷ್ಟು ಸಮಯ ಉಳಿಯಿತು. ಆದರೆ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಶೇ 21ರಿಂದ 89. ಇಷ್ಟು ಅಗಲವಿದ್ದಾಗ ನಡುವಿನ ಅಂಕಿಯೊಂದನ್ನೇ ಹಿಡಿದುಕೊಳ್ಳುವುದು ತಪ್ಪು. 2025ರಲ್ಲಿ ಎಐ ಪರೀಕ್ಷಿಸುವ ಮೀಟರ್ (METR) ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಂದ ಅವರಿಗೇ ಪರಿಚಿತವಾದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ 246 ಕೆಲಸ ಮಾಡಿಸಿದಾಗ, ಎಐ ಬಳಸಿದಲ್ಲಿ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಎರಡೂ ನಿಜವಿರಬಹುದು. ನಿಮ್ಮ ತಂಡದ ಕೆಲಸ ಯಾವುದಕ್ಕೆ ಹತ್ತಿರ ಎಂಬುದನ್ನು ನೋಡಬೇಕು.

ಕೊನೆಗೆ ಗೂಗಲ್ ಸ್ಕಾಲರ್‌ನಲ್ಲಿ ಪೇಪರ್ ಹುಡುಕಿ, ಅದನ್ನು ಉಲ್ಲೇಖಿಸಿದವರ ಪಟ್ಟಿ ತೆರೆದು, ಅದರೊಳಗೆ "ರೆಪ್ಲಿಕೇಶನ್", "ರೀಪ್ರೊಡಕ್ಷನ್" ಪದಗಳನ್ನು ಇಂಗ್ಲಿಷ್‌ನಲ್ಲಿ ಹಾಕಿ ಶೋಧಿಸಿ. ಟೀಕೆ ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಮೂಲ ಲೇಖಕರ ಉತ್ತರವನ್ನೂ ಹುಡುಕಿ. ಗಿಟ್‌ಹಬ್ ಅಧ್ಯಯನದವರು 2019ರಲ್ಲೇ ಆರ್ಕೈವ್ (arXiv) ಎಂಬ ಸಂಶೋಧನಾ ಪೇಪರ್‌ಗಳ ಜಾಲತಾಣದಲ್ಲಿ ಪ್ರತ್ಯುತ್ತರ ಹಾಕಿದ್ದಾರೆ. ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ.